ಅಕ್ಟೋಬರ್ ತಿಂಗಳ ಹಸಿರು ಬಟನ್

ಎರಡು ಪರ್ಸೆಂಟ್! ಮಂಗಳೂರಿನ ಹಂಪನಕಟ್ಟೆಯ ಹೋಟೆಲೊಂದರ ಮೂಲೆ ಮೇಜಿನಲ್ಲಿ ಲ್ಯಾಪ್‌ಟಾಪನ್ನು ಬಾಕಿ ನಾಲ್ವರ ಕಡೆಗೆ ತಿರುಗಿಸಿದಾಗ ನನಗೆ ಎಸೆಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ದಿನದಷ್ಟೇ ಖುಷಿ. 2022ರ ಮಾತು. ಕಟಪಾಡಿಯ ನಮ್ಮ ಮನೆಯಿಂದ ಹಪ್ಪಳ, ಉಪ್ಪಿನಕಾಯಿ, ಕೋರಿರೊಟ್ಟಿ ಮಾರುವ ವೆಬ್‌ಸೈಟಿನ ಬೌನ್ಸ್ ರೇಟ್ ಎರಡು ಪರ್ಸೆಂಟಿಗೆ ಇಳಿದಿತ್ತು. ಅಂದರೆ ನೂರು ಮಂದಿ ಬಂದರೆ ಹೊಸಿಲಲ್ಲೇ ತಿರುಗಿ ಹೋಗುವವರು ಇಬ್ಬರು; ಉಳಿದವರೆಲ್ಲ ಒಳಗೆ ಬಂದು ಓಡಾಡುವವರು. ಹಾಗೆಂದು ನಾನು ನಂಬಿದ್ದೆ.

ಸುದ್ದಿ ವೆಬ್‌ಸೈಟಿನ ಹುಡುಗ ನಗಲಿಲ್ಲ. ಕೈಯಲ್ಲಿದ್ದ ಗೋಳಿಬಜೆಯನ್ನು ಚಟ್ನಿ ಬಟ್ಟಲಲ್ಲೇ ಬಿಟ್ಟು, ಬೆರಳನ್ನು ಕಾಗದಕ್ಕೆ ಒರೆಸಿಕೊಂಡು, “ಅಕ್ಕ, ಪೇಜ್ ಸೋರ್ಸ್ ತೆಗೀರಿ ಒಮ್ಮೆ” ಅಂದ. ಪುಟದ ಹಿಂದಿರುವ ಕೋಡ್ ಕಾಣುವ ಜಾಗ ಅದು. ತೆಗೆದೆ. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸಿನ ಕೋಡಿನ ತುಂಡನ್ನು ಹುಡುಕಿಸಿದ. ಮೇಲ್ಗಡೆ ಒಂದು ಸಿಕ್ಕಿತು. “ಇನ್ನೂ ಕೆಳಗೆ ಹೋಗಿ.” ಹೋದರೆ ಅದೇ ಕೋಡ್, ಅದೇ ನಂಬರ್, ಮತ್ತೊಮ್ಮೆ. ಥೀಮಿನ ಸೆಟ್ಟಿಂಗಿನಲ್ಲಿ ಹಿಂದೆ ಯಾವಾಗಲೋ ಹಾಕಿದ್ದು ಒಂದು, ಯಾವುದೋ ಪ್ಲಗಿನ್ ಕೇಳಿತೆಂದು ಕೊಟ್ಟದ್ದು ಇನ್ನೊಂದು. ಆಗಿನ ಹಳೇ ಅನಲಿಟಿಕ್ಸಿನಲ್ಲಿ ಒಂದು ಭೇಟಿಯಲ್ಲಿ ಒಂದೇ ಒಂದು ಲೆಕ್ಕ ಬಿದ್ದರೆ ಮಾತ್ರ ಬೌನ್ಸ್. ನಮ್ಮಲ್ಲಿ ಪುಟ ತೆರೆದ ಕೂಡಲೇ ಎರಡು ಲೆಕ್ಕ ಬೀಳುತ್ತಿತ್ತು. ಬಂದವರು ಬಾಗಿಲಲ್ಲೇ ತಿರುಗಿ ಹೋದರೂ ಮನೆಯೆಲ್ಲ ಸುತ್ತಿದರು ಎಂದು ಬರೆದುಕೊಳ್ಳುತ್ತಿತ್ತು. ಆ ಎರಡು ಪರ್ಸೆಂಟ್ ಯಾರೆಂದರೆ, ಎರಡನೇ ಕೋಡ್ ಲೋಡ್ ಆಗುವ ಮೊದಲೇ ಓಡಿದವರು.

“ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ. ಅವನು ಆಗ ಹೇಳಿದ ಕತೆ ಇವತ್ತಿಗೂ ನಮ್ಮ ಗುಂಪಿನ ಸ್ಥಳಪುರಾಣ. ಅವನ ಸೈಟಿನಲ್ಲೂ ಕೋಡ್ ಎರಡು ಸಲ ಕೂತು ಪೇಜ್‌ವ್ಯೂ, ಅಂದರೆ ಪುಟ ತೆರೆದ ಲೆಕ್ಕ, ಒಂದೇ ರಾತ್ರಿಯಲ್ಲಿ ದುಪ್ಪಟ್ಟಾಗಿತ್ತು. ಯಜಮಾನರು ಎಲ್ಲರೆದುರು ಬೆನ್ನು ತಟ್ಟಿದರು. ಜಾಹೀರಾತಿನವರಿಗೆ ಆ ಅಂಕಿಯನ್ನೇ ಕಳಿಸಿದರು. ಎರಡು ತಿಂಗಳ ಮೇಲೆ ತಪ್ಪು ಇವನ ಕಣ್ಣಿಗೇ ಬಿತ್ತು. ಸರಿ ಮಾಡಿದ. ಮಾರನೇ ದಿನ ಅಂಕಿ ಅರ್ಧಕ್ಕೆ ಬಿತ್ತು. ಸರಿ ಮಾಡಿದವನಿಗೇ ಬೈಗುಳ. “ತಪ್ಪು ಮಾಡಿದಾಗ ಸನ್ಮಾನ, ತಿದ್ದಿದಾಗ ಮಂಗಳಾರತಿ” ಅಂದ. ಎಲ್ಲರೂ ನಕ್ಕೆವು. ನಾನು ಸ್ವಲ್ಪ ಕಡಿಮೆ ನಕ್ಕೆ.

ಈ ಗುಂಪು ಎಂಥದ್ದು ಅಂತ ಹೇಳಬೇಕು. ಐದು ಮಂದಿ. ನಾನು, ಮಂಗಳೂರಿನ ಈ ಸುದ್ದಿ ಹುಡುಗ, ರಥಬೀದಿ ಹತ್ತಿರ ಸೀರೆ ಅಂಗಡಿ ಇರುವ ಗೆಳತಿ, ಮಲ್ಪೆ ಕಡೆ ಹೋಂಸ್ಟೇ ನಡೆಸುವವರು ಒಬ್ಬರು, ಬ್ರಹ್ಮಾವರದಲ್ಲಿ ನರ್ಸರಿ ಇಟ್ಟುಕೊಂಡ ಹಿರಿಯರು. ಯಾರೂ ಕಂಪ್ಯೂಟರ್ ಕಲಿತವರಲ್ಲ, ಆ ಹುಡುಗನೂ ಬಿಕಾಂ. ಎಲ್ಲರೂ ಕೊರೋನಾ ಕಾಲದಲ್ಲಿ ಅನಿವಾರ್ಯವಾಗಿ ವೆಬ್‌ಸೈಟ್ ಕಟ್ಟಿಸಿ, ಅನಲಿಟಿಕ್ಸಿನ ಗ್ರಾಫ್ ನೋಡಿ ಒಂದು ದಿನ ಹಿಗ್ಗಿ ಒಂದು ದಿನ ಕುಗ್ಗುವವರು. ಎರಡನೇ ಭಾನುವಾರ ಸೇರುವುದು, ಒಮ್ಮೆ ಮಂಗಳೂರು, ಒಮ್ಮೆ ಉಡುಪಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ದಾಟುವಷ್ಟರಲ್ಲಿ ಮೊಬೈಲಿನಲ್ಲಿ ಆ ತಿಂಗಳ ಅಂಕಿಗಳನ್ನು ಚಂದ ಮಾಡಿ ಜೋಡಿಸಿಕೊಳ್ಳುತ್ತಿದ್ದೆ. ಮೊದಲ ಕೆಲವು ಭೇಟಿಗಳು ಹಾಗೆಯೇ ಹೋದವು: ಬರೀ ಬಡಾಯಿ. ಮದುವೆಮನೆಯಲ್ಲಿ ಮಕ್ಕಳ ಮಾರ್ಕ್ಸ್ ಹೇಳಿಕೊಳ್ಳುವ ಹಾಗೆ.

ಎರಡು ಪರ್ಸೆಂಟಿನ ದಿನದ ನಂತರ ಸೀರೆ ಗೆಳತಿ ಒಂದು ಉದ್ದ ನೋಟ್‌ಬುಕ್ ತಂದಳು, ಅಂಗಡಿಯ ಸಾಲದ ಲೆಕ್ಕಕ್ಕೆ ಇಡುವಂಥದ್ದು. ಇನ್ನು ಮುಂದೆ ಬರುವವರು ತಮ್ಮದೊಂದು ಸೋಲನ್ನು ಬರೆಸದೆ ಚಾ ಕುಡಿಯುವ ಹಾಗಿಲ್ಲ ಎಂದಳು. ಅದಕ್ಕೆ ಸೋಲಿನ ಪುಸ್ತಕ ಎಂದೇ ಹೆಸರು ಬಿತ್ತು. ಬರೆಸುವ ಮೊದಲ ಸೋಲು ಅವಳದ್ದೇ, ಅದೂ ಸಣ್ಣದಲ್ಲ.

ಅವಳು ಸೀರೆಯ ಫೋಟೋಗಳನ್ನು ವಾಟ್ಸಾಪ್ ಗುಂಪುಗಳಿಗೆ ಕಳಿಸುತ್ತಿದ್ದಳು. ವಾಟ್ಸಾಪಿನಿಂದ ಒತ್ತಿ ಬಂದವರು ಎಲ್ಲಿಂದ ಬಂದರು ಎಂಬ ಗುರುತು ಸಾಮಾನ್ಯವಾಗಿ ದಾಟಿ ಬರುವುದಿಲ್ಲ. ಅನಲಿಟಿಕ್ಸಿನಲ್ಲಿ ಅವರು ‘ಡೈರೆಕ್ಟ್’ ಎಂಬ ಗೋಣಿಚೀಲಕ್ಕೆ ಬೀಳುತ್ತಾರೆ. ಅದಕ್ಕೇ ಲಿಂಕಿನ ಬಾಲಕ್ಕೆ ಯುಟಿಎಂ ಎಂಬ ಚೀಟಿ ಅಂಟಿಸಬೇಕು, ಯಾವ ಮೂಲ, ಯಾವ ಮಾಧ್ಯಮ, ಯಾವ ಪ್ರಚಾರ ಎಂದು. ಅವಳು ಅಂಟಿಸಿದ್ದಳು. ಆದರೆ ಒಮ್ಮೆ ಎಲ್ಲ ಸಣ್ಣಕ್ಷರ, ಒಮ್ಮೆ ಮೊದಲಕ್ಷರ ದೊಡ್ಡದು, ಅಂಗಡಿಯ ಹುಡುಗಿ ಕಳಿಸಿದರೆ ಇಂಗ್ಲಿಷಿನ ‘ಡಬ್ಲ್ಯು’ವೂ ದೊಡ್ಡದು, ‘ಎ’ಯೂ ದೊಡ್ಡದು. ಅನಲಿಟಿಕ್ಸಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಒಂದೇ ವಾಟ್ಸಾಪ್ ಮೂರು ಸಾಲುಗಳಲ್ಲಿ ಹರಿದು ಹಂಚಿಹೋಯಿತು. ಪಟ್ಟಿಯಲ್ಲಿ ಮೇಲೆ ನಿಂತದ್ದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ವಾಟ್ಸಾಪ್ ದಂಡ ಎಂದು ಲೆಕ್ಕ ಹಾಕಿ, ಗುಂಪುಗಳಿಗೆ ಕಳಿಸುವುದನ್ನು ನಿಲ್ಲಿಸಿ, ಆ ದೀಪಾವಳಿಗೆ ಜಾಹೀರಾತಿಗೆ ಸುರಿದಳು. ಅಂಗಡಿಗೆ ಬಂದ ಹಳೇ ಗಿರಾಕಿಗಳೇ “ಈಗ ಫೋಟೋ ಕಳಿಸುವುದೇ ಇಲ್ಲ ಎಂತಕ್ಕೆ?” ಎಂದು ಕೇಳಿದಾಗ ಅನುಮಾನ ಬಂತಂತೆ. ಮೂರು ಸಾಲನ್ನು ಕೂಡಿಸಿ ನೋಡಿದರೆ ವಾಟ್ಸಾಪೇ ಒಂದನೇ ನಂಬರ್.

ಅವಳಿಂದ ನಾನು ಎರವಲು ತಂದದ್ದು ಒಂದು ಶೀಟ್. ಲಿಂಕ್ ಬೇಕಾದವರು ಅದರಲ್ಲೇ ತಯಾರಿಸಬೇಕು, ಎಲ್ಲ ಸಣ್ಣಕ್ಷರ, ಪದಗಳ ನಡುವೆ ಜಾಗ ಬಿಡುವ ಹಾಗಿಲ್ಲ, ಕೈಯಿಂದ ಟೈಪ್ ಮಾಡುವ ಹಾಗಿಲ್ಲ. ಮೂರು ವರ್ಷದಿಂದ ಅದನ್ನೇ ಬಳಸುತ್ತಿದ್ದೇನೆ. ನಮ್ಮ ಐವರಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ ಹಾಗೆಯೇ ಕೂತ ವಸ್ತು ಅದೊಂದೇ ಇರಬೇಕು.

ಬಾಕಿಯೆಲ್ಲ ಅಷ್ಟು ಸಲೀಸಾಗಿ ಕೂರಲಿಲ್ಲ. ಮುಖ್ಯವಾಗಿ ಆ ಬಟನ್.

ಹೋಂಸ್ಟೇಯವರು 2022ರ ಕೊನೆಗೆ ಭಾರೀ ಉತ್ಸಾಹದಲ್ಲಿ ಬಂದಿದ್ದರು. ಸೈಟಿನ ಕೆಳಗಿನ ಮೂಲೆಯಲ್ಲಿ ವಾಟ್ಸಾಪಿನ ಹಸಿರು ಬಟನ್ ಹಾಕಿಸಿದ್ದಾರೆ, ಅಕ್ಟೋಬರ್ ಒಂದಕ್ಕೆ. ಆ ತಿಂಗಳು ವಿಚಾರಣೆಗಳು ಹಿಂದಿನ ತಿಂಗಳಿಗಿಂತ ದುಪ್ಪಟ್ಟು. “ಎಂತ ಮಾರಾಯ್ತಿ, ಒಂದು ಬಟನ್! ಐದು ನಿಮಿಷದ ಕೆಲಸ!” ನಾನು ಮನೆಗೆ ಬಂದವಳೇ ಹಾಕಿಸಲು ಹೊರಟೆ. ಅದು ಹೇಗೋ ತಡವಾಗಿ, ಸರಿಯಾಗಿ ಶುರುವಾದದ್ದು ಮುಂದಿನ ವರ್ಷದ ಅಕ್ಟೋಬರಿಗೆ. ನನ್ನ ಆರ್ಡರ್ ಬಿತ್ತು. ಬಿದ್ದದ್ದು ಮಾತ್ರವಲ್ಲ, ಬಟನ್ ಒತ್ತಿದವರೆಲ್ಲ “ರೇಟ್ ಎಷ್ಟು” ಎಂದು ಕೇಳಿ ಮಾಯ. ಡಿಸೆಂಬರಿಗೆ ತೆಗೆಸಿ ಹಾಕಿ, ಪುಸ್ತಕದಲ್ಲಿ ಬರೆಸಿದೆ: ಹಸಿರು ಬಟನ್, ಹಪ್ಪಳಕ್ಕೆ ಆಗುವುದಿಲ್ಲ.

ಪುಸ್ತಕದ ಎದುರು ಬದುರು ಪುಟಗಳಲ್ಲಿ ಅವರ ಗೆಲುವು, ನನ್ನ ಸೋಲು ಒಂದು ವರ್ಷ ಕೂತಿದ್ದವು. ನರ್ಸರಿಯ ಹಿರಿಯರು ಒಂದು ದಿನ ಕನ್ನಡಕ ಏರಿಸಿಕೊಂಡು ಓದಿ, “ಅಲ್ಲ, ಇಬ್ಬರೂ ಅಕ್ಟೋಬರ್ ಅಂತೀರಲ್ಲ” ಅಂದರು. ಅಷ್ಟೇ. ಅವರಿಗೆ ಅನಲಿಟಿಕ್ಸ್ ನಮ್ಮೆಲ್ಲರಿಗಿಂತ ಕಡಿಮೆ ಗೊತ್ತು, ಆದರೆ ಯಾವ ಗಿಡ ಯಾವ ತಿಂಗಳು ಹೋಗುತ್ತದೆ ಎಂದು ಗೊತ್ತು.

ಮಳೆಗಾಲದಲ್ಲಿ ಮಲ್ಪೆಯ ಕಡಲಿಗೆ ಯಾರು ಬರುತ್ತಾರೆ? ಸೇಂಟ್ ಮೇರೀಸ್ ದ್ವೀಪದ ಬೋಟ್ ಬಂದ್, ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಸೆಪ್ಟೆಂಬರ್ ದಾಟಿ ಮಳೆ ಬಿಟ್ಟರೆ ನವರಾತ್ರಿ ರಜೆ, ಜನ ತಾವಾಗಿ ಬರುತ್ತಾರೆ. ಬಟನ್ ಅಲ್ಲ, ಬಾಳೆಗಿಡದ ಫೋಟೋ ಹಾಕಿದ್ದರೂ ಹೋಂಸ್ಟೇ ಅಕ್ಟೋಬರಿನಲ್ಲಿ ಏರುತ್ತಿತ್ತು. ನನ್ನ ಲೆಕ್ಕ ಇದಕ್ಕೆ ತದ್ವಿರುದ್ಧ. ಹಲಸಿನ ಹಪ್ಪಳ ಒತ್ತುವುದು ಎಪ್ರಿಲ್–ಮೇ ಬಿಸಿಲಿಗೆ: ಸೊಳೆ ಬೇಯಿಸಿ, ರುಬ್ಬಿ, ಜೀರಿಗೆ ಕೊತ್ತಂಬರಿ ಮೆಣಸು ಸೇರಿಸಿ, ಉಂಡೆ ಕಟ್ಟಿ ಒತ್ತಿ ಚಾಪೆಯಲ್ಲಿ ಒಣಗಿಸಿದ್ದು. ತಿನ್ನುವ ಕಾಲ ಮಳೆಗಾಲ. ಜೂನಿನಿಂದ ಆಟಿ ತಿಂಗಳು ಕಳೆಯುವವರೆಗೆ ಮುಂಬೈಯಿಂದ, ಬೆಂಗಳೂರಿನಿಂದ ಆರ್ಡರ್. ಚೌತಿ ಆದ ಮೇಲೆ ಡಬ್ಬಿ ಖಾಲಿಯಾಗುತ್ತ ಬರುತ್ತದೆ, ಆರ್ಡರೂ. ಅಕ್ಟೋಬರ್ ಎಂದರೆ ಅವರಿಗೆ ಏರು, ನನಗೆ ಇಳಿ. ಒಂದೇ ಬಟನ್ ಅವರಲ್ಲಿ ದೇವರು, ನನ್ನಲ್ಲಿ ದೆವ್ವ. ಎರಡೂ ಅಲ್ಲದ ಪಾಪದ ಬಟನ್ ಅದು.

ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸು, ಹಿಂದಿನ ತಿಂಗಳಿಗಲ್ಲ ಎಂಬುದು ಎಲ್ಲರೂ ಹೇಳುವ ಪಾಠ. ನಾನೂ ಓದಿದ್ದೆ. ಓದಿದ್ದು ತಲೆಯಲ್ಲಿ ಉಳಿದಿರಲಿಲ್ಲ. ಎರಡು ಪುಟ ಎದುರೆದುರು ಕೂತಾಗ ಹೊಟ್ಟೆಯೊಳಗೆ ಇಳಿಯಿತು. ಒಬ್ಬರ ಕತೆಯಿಂದ ಆಗುವ ಕೆಲಸ ಅಲ್ಲ ಅದು. ಅವರ ಗೆಲುವು ಒಂದೇ ಇದ್ದಿದ್ದರೆ ನಾನು ಈಗಲೂ ನಂಬುತ್ತಿದ್ದೆ, ನನ್ನ ಸೋಲು ಒಂದೇ ಇದ್ದಿದ್ದರೆ ಇನ್ನೂ ಗಟ್ಟಿಯಾಗಿ ನಂಬುತ್ತಿದ್ದೆ.

ಆದರೆ ಹಿಂದಿನ ವರ್ಷಕ್ಕೆ ಹೋಲಿಸಲು ಹಿಂದಿನ ವರ್ಷದ ಅಂಕಿ ಇರಬೇಕಲ್ಲ! ಹಳೇ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಲೆಕ್ಕ ಬರೆಯುವುದನ್ನು ನಿಲ್ಲಿಸಿತ್ತು. ಹಳೇ ಅಂಕಿ ನೋಡುವ ಬಾಗಿಲು ಮರುವರ್ಷ ಜುಲೈಗೆ ಮುಚ್ಚಿತು. ಸುದ್ದಿ ಹುಡುಗ ಎಲ್ಲವನ್ನೂ ತಿಂಗಳುವಾರು ಇಳಿಸಿ ಇಟ್ಟಿದ್ದ, ನಮಗೂ ಬೆನ್ನುಬಿದ್ದು ಇಳಿಸಿದ್ದ. ಸೀರೆ ಗೆಳತಿಗೆ ಇಳಿಸಲು ಏನೂ ಇರಲಿಲ್ಲ. ಅವಳ ಸೈಟ್ ಮಾಡಿಕೊಟ್ಟವರು ಅನಲಿಟಿಕ್ಸನ್ನು ತಮ್ಮದೇ ಖಾತೆಯಲ್ಲಿ ತೆರೆದಿದ್ದರು. ಅವರೊಂದಿಗೆ ವ್ಯವಹಾರ ಮುರಿದ ದಿನ ಎರಡೂವರೆ ವರ್ಷದ ಲೆಕ್ಕವೂ ಅವರ ಹತ್ತಿರವೇ ಉಳಿಯಿತು. ಅವಳು ಇದನ್ನು ಹೇಳುತ್ತಿದ್ದಾಗ ಉಳಿದ ನಾಲ್ವರೂ ಮಾತಾಡದೆ ಮೊಬೈಲ್ ತೆಗೆದು ನಮ್ಮ ನಮ್ಮ ಖಾತೆಯಲ್ಲಿ ಅಡ್ಮಿನ್ ಯಾರು ಎಂದು ನೋಡಿಕೊಂಡೆವು. ಸಾವಿನ ಮನೆಗೆ ಹೋದವರು ತಮ್ಮ ನಾಡಿ ಮುಟ್ಟಿ ನೋಡಿಕೊಂಡ ಹಾಗೆ. ನರ್ಸರಿಯವರದ್ದೂ ಬೇರೆಯವರ ಹೆಸರಲ್ಲಿತ್ತು. ಆ ವಾರವೇ ಸರಿ ಮಾಡಿಸಿದರು.

ಹಳೆಯದರ ಬದಲಿಗೆ ಬಂದ ಹೊಸ ಗೂಗಲ್ ಅನಲಿಟಿಕ್ಸ್, ಅಂದರೆ ಜಿಎ-4ರಲ್ಲಿ ಇನ್ನೊಂದು ಗುಂಡಿ ಉಂಟು, ಅದಕ್ಕೆ ಬಿದ್ದವರು ಹೋಂಸ್ಟೇಯವರು. ಎಕ್ಸ್‌ಪ್ಲೊರೇಷನ್ ವಿಭಾಗದಲ್ಲಿ ಹಿಂದಿನ ಸೀಸನ್ ತೆರೆಯಲು ಹೋದರೆ ಎರಡು ತಿಂಗಳಿಗಿಂತ ಹಿಂದೆ ಏನೂ ಇಲ್ಲ. ಅಂಕಿ ಉಳಿಸಿಕೊಳ್ಳಲು ತಾನಾಗಿ ಇರುವ ಅವಧಿ 2 ತಿಂಗಳು. ಸೆಟ್ಟಿಂಗಿಗೆ ಹೋಗಿ ನಾವೇ 14 ತಿಂಗಳು ಮಾಡಬೇಕು. ಸಾಮಾನ್ಯ ರಿಪೋರ್ಟುಗಳಿಗೆ ಇದರ ತೊಂದರೆ ಇಲ್ಲ, ಆಳವಾಗಿ ಅಗೆಯುವವರಿಗೆ ಮಾತ್ರ. ಹೋದದ್ದು ವಾಪಸ್ ಬರುವುದಿಲ್ಲ. ಅವರು ಫೋನಿನಲ್ಲಿ ಹೇಳಿದ್ದು ರಾತ್ರಿ ಒಂಬತ್ತೂವರೆಗೆ. ನಾನು ಬದಲಾಯಿಸಿದ್ದು ಒಂಬತ್ತು ಮೂವತ್ತೈದಕ್ಕೆ. ಇಂಥ ಸೋಲುಗಳು ಎಷ್ಟು ಚಂದ ಅಂದರೆ, ಹಾಗೇ ಎತ್ತಿ ತಂದು ನಮ್ಮ ಮನೆಯಲ್ಲಿ ಇಟ್ಟರೂ ಕೆಲಸ ಮಾಡುತ್ತವೆ. ಋತುಮಾನ, ಗಿರಾಕಿ, ಸರಕು, ಯಾವುದೂ ಅಡ್ಡ ಬರುವುದಿಲ್ಲ. ಗೆಲುವು ಮಾತ್ರ ಮಟ್ಟುಗುಳ್ಳ ಬದನೆಯ ಹಾಗೆ, ಮಣ್ಣು ಬದಲಾದರೆ ರುಚಿ ಬೇರೆ.

ನಾನು ಬರೆಸಿದ ಸೋಲುಗಳೂ ಕಡಿಮೆಯೇನಲ್ಲ. ಒಂದು ಸಮಯದಲ್ಲಿ ನನಗೆ ಅತಿ ಹೆಚ್ಚು ವ್ಯಾಪಾರ ತರುತ್ತಿದ್ದ ಸೈಟ್ ನಮ್ಮದೇ ಪೇಮೆಂಟ್ ಗೇಟ್‌ವೇ. ದುಡ್ಡು ಕಟ್ಟಲು ಅಲ್ಲಿಗೆ ಹೋದ ಗಿರಾಕಿ ವಾಪಸ್ ಬರುವಾಗ ‘ಇವರು ಅಲ್ಲಿಂದ ಬಂದವರು’ ಎಂದು ಬರೆದುಕೊಳ್ಳುತ್ತಿತ್ತು. ಬೇಡದ ರೆಫರಲ್ ಪಟ್ಟಿಗೆ ಸೇರಿಸಿದ ಮೇಲೆ ನಿಂತಿತು.

ಸಮಯದ ಕತೆ ಇನ್ನೂ ದೊಡ್ಡ ಪೆದ್ದುತನ. ನಮ್ಮ ಗಿರಾಕಿಗಳು ಹೆಚ್ಚಾಗಿ ಬೆಳಗ್ಗೆ ಎಂಟೂವರೆಗೆ ಆರ್ಡರ್ ಮಾಡುತ್ತಾರೆ ಎಂದು ಗ್ರಾಫ್ ತೋರಿಸುತ್ತಿತ್ತು. ಮುಂಬೈ ಲೋಕಲ್ ಟ್ರೇನಿನಲ್ಲಿ ಕೂತು ಹಪ್ಪಳ ಆರ್ಡರ್ ಮಾಡುವ ತುಳುವರನ್ನು ನಾನು ಕಲ್ಪಿಸಿಕೊಂಡು, ದಿನಾ ಎಂಟು ಗಂಟೆಗೆ ಮೆಸೇಜ್ ಬಿಡುತ್ತಿದ್ದೆ. ಒಬ್ಬರೂ ಒತ್ತುವುದಿಲ್ಲ. ಒಂದು ರಾತ್ರಿ ಊಟದ ಪಾತ್ರೆ ತೊಳೆಯುತ್ತಿದ್ದಾಗ ಫೋನ್ ಟಿಣ್ ಟಿಣ್ ಎಂದು ಮೂರು ಆರ್ಡರ್ ಬಂತು, ಒಂಬತ್ತು ಗಂಟೆಗೆ. ಕೈ ಒರೆಸಿಕೊಂಡು ರಿಪೋರ್ಟ್ ತೆಗೆದರೆ ಅದೇ ಮೂರು ಆರ್ಡರ್ ಬೆಳಗ್ಗೆ ಎಂಟೂವರೆಯ ಮನೆಯಲ್ಲಿ ಕೂತಿವೆ! ಖಾತೆ ತೆರೆಯುವಾಗ ಟೈಮ್ ಝೋನ್ ನೋಡದೆ ಮುಂದೆ ಒತ್ತಿದ್ದೆ. ಅದು ಲಾಸ್ ಏಂಜಲೀಸಿನ ಸಮಯದಲ್ಲಿ ಇತ್ತು. ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ನಮ್ಮ ಗಿರಾಕಿಗಳು ಊಟ ಮುಗಿಸಿ, ‘ನಾಳೆ ಸಾರಿಗೆ ಕರಿಯಲು ಹಪ್ಪಳ ಇಲ್ಲವಲ್ಲ’ ಎಂದು ನೆನಪಾದಾಗ ಆರ್ಡರ್ ಮಾಡುವವರು. ಇದನ್ನು ಬರೆಸಿದ ದಿನ ಉಳಿದ ನಾಲ್ವರಲ್ಲಿ ಒಬ್ಬರ ಖಾತೆಯೂ ಅಮೆರಿಕದಲ್ಲೇ ಇತ್ತು. ಯಾರದ್ದೆಂದು ಹೇಳಬಾರದೆಂಬ ಒಪ್ಪಂದ ಆಗಿದೆ.

ನಡುವೆ ನನಗೆ ಹೊಟ್ಟೆಕಿಚ್ಚಿನ ಒಂದು ಕಾಲವೂ ಬಂದಿತ್ತು. ಸೀರೆ ಗೆಳತಿಯ ಕನ್ವರ್ಷನ್ ರೇಟ್, ಅಂದರೆ ಬಂದವರಲ್ಲಿ ಕೊಂಡವರ ಪಾಲು, ಮೂರು ಪರ್ಸೆಂಟ್, ನನ್ನದು ಎರಡೂ ಇಲ್ಲ. ಮೂರು ಸಾವಿರದ ಸೀರೆ ಕೊಳ್ಳುವವರು ಸಿಗುತ್ತಾರೆ, ನೂರು ರೂಪಾಯಿಯ ಹಪ್ಪಳಕ್ಕೆ ಇಲ್ಲವೇ ಎಂದು ನಿದ್ದೆ ಬರಲಿಲ್ಲ. ಸುದ್ದಿ ಹುಡುಗ ಕಂಬಳದ ಉದಾಹರಣೆ ಕೊಟ್ಟ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಓಟದ ಕೆಸರುಗದ್ದೆಯನ್ನು, 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಭಾಗಾಕಾರ ಮಾಡಿ 100 ಮೀಟರಿಗೆ 9.55 ಎಂದು ತೆಗೆದು, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟಿತಲ್ಲ. ಗೌಡರ ಓಟ ದೊಡ್ಡದೇ, ಬೋಲ್ಟ್‌ನದ್ದೂ ದೊಡ್ಡದೇ. ಆದರೆ ಒಂದು ಕೆಸರಿನಲ್ಲಿ ಕೋಣಗಳ ಹಿಂದೆ ಓಡಿದ್ದು, ಇನ್ನೊಂದು ಟ್ರ್ಯಾಕಿನಲ್ಲಿ ಕೋಣಗಳಿಲ್ಲದೆ ಓಡಿದ್ದು. ಭಾಗಾಕಾರಕ್ಕೆ ಕೋಣ ಕಾಣುವುದಿಲ್ಲ. “ನಿಮ್ಮಿಬ್ಬರ ಕೋಣ ಯಾವುದು ಅಂತ ಮೊದಲು ನೋಡಿ” ಅಂದ. ನೋಡಿದೆವು. ಅವಳು ಭಾಗಿಸುತ್ತಿದ್ದದ್ದು ಯೂಸರ್‌ಗಳಿಂದ, ಅಂದರೆ ಬಂದ ಜನರಿಂದ; ನಾನು ಸೆಷನ್‌ಗಳಿಂದ, ಅಂದರೆ ಭೇಟಿಗಳಿಂದ. ಒಬ್ಬರೇ ಮೂರು ಸಲ ಬಂದು ನಾಲ್ಕನೇ ಸಲ ಕೊಂಡರೆ ಅವಳ ಲೆಕ್ಕದಲ್ಲಿ ಒಂದಕ್ಕೆ ಒಂದು, ನನ್ನ ಲೆಕ್ಕದಲ್ಲಿ ನಾಲ್ಕಕ್ಕೆ ಒಂದು. ಸಾಲದ್ದಕ್ಕೆ ಅವಳ ‘ಥ್ಯಾಂಕ್ಯೂ’ ಪುಟವನ್ನು ಗಿರಾಕಿ ಮತ್ತೊಮ್ಮೆ ರಿಫ್ರೆಶ್ ಮಾಡಿದರೆ ಇನ್ನೊಂದು ಮಾರಾಟ ಬರೆದುಕೊಳ್ಳುತ್ತಿತ್ತು. ಅಂದು ಅವಳ ಪುಟಕ್ಕೆ ಒಂದು ಸೋಲು ಹೆಚ್ಚಾಯಿತು, ನನಗೆ ನಿದ್ದೆ ಬಂತು. (ಬೌನ್ಸ್ ರೇಟಿನ ಹುಚ್ಚು ಅಷ್ಟರೊಳಗೆ ಬಿಟ್ಟಿತ್ತು. ಹೊಸದರಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೂ ಸಾಕು, ಆ ಭೇಟಿ ‘ಎಂಗೇಜ್ಡ್’. ಅದನ್ನು ನೂರರಲ್ಲಿ ಕಳೆದರೆ ಬೌನ್ಸ್. ಅಳಿಯ ಅಲ್ಲ, ಮಗಳ ಗಂಡ.)

ಹಾಗೆಂದು ನಾನು ಬುದ್ಧಿ ಕಲಿತೆನೇ? ಕಳೆದ ವರ್ಷ ಜುಲೈ ತಿಂಗಳ ಕೊನೆ. ಯಾರೋ ನಮ್ಮ ಕೋರಿರೊಟ್ಟಿ ತಿಂದು ರೀಲ್ಸ್ ಮಾಡಿದ್ದರು. ನಾನು ಆಗಷ್ಟೇ ಹೊಸ ಪ್ರಾಡಕ್ಟ್ ಪುಟ ಹಾಕಿದ್ದೆ. ತಿಂಗಳ ಕನ್ವರ್ಷನ್ ರೇಟ್ ನೋಡಿದರೆ 2.2 ಇದ್ದದ್ದು 1.75ಕ್ಕೆ ಬಿದ್ದಿದೆ. ಹೊಸ ಪುಟ ಕೈ ಕೊಟ್ಟಿತು, ಹಳೆಯದಕ್ಕೆ ವಾಪಸ್ ಹೋಗುತ್ತೇನೆ ಎಂದು ಜಗಲಿಯಲ್ಲಿ ಕೂತು ಗೊಣಗುತ್ತಿದ್ದೆ. ಒಳಗೆ ಅತ್ತೆ ಟೇಪು ಹಲ್ಲಿನಲ್ಲಿ ಕಚ್ಚಿ ಹರಿಯುತ್ತ ಪಾರ್ಸೆಲ್ ಕಟ್ಟುತ್ತಿದ್ದರು. ತುಳುವಿನಲ್ಲಿ ಕೇಳಿದರು: ಈ ತಿಂಗಳು ಟೇಪಿನ ಉರುಳೆ ನಾಲ್ಕು ಮುಗಿಯಿತು, ಹೋದ ತಿಂಗಳು ಎರಡು, ಕಡಿಮೆಯಾದದ್ದು ಎಂಥದು?

ನಾನು ಸುದ್ದಿ ಹುಡುಗನಿಗೆ ಫೋನ್ ಮಾಡಿದೆ. ಅವನಿಗೆ ಈ ಪೆಟ್ಟು ಮೊದಲೇ ಬಿದ್ದಿತ್ತು, ಯಾವುದೋ ಚುನಾವಣೆಯ ರಾತ್ರಿ. “ಮೊಬೈಲ್, ಡೆಸ್ಕ್‌ಟಾಪ್ ಬೇರೆ ಮಾಡಿ ನೋಡಿ ಅಕ್ಕ.” ಮಾಡಿದೆ. ಜೂನಿನಲ್ಲಿ ಡೆಸ್ಕ್‌ಟಾಪಿನಿಂದ 400 ಭೇಟಿಗೆ 16 ಆರ್ಡರ್, ಮೊಬೈಲಿನಿಂದ 600ಕ್ಕೆ 6. ಜುಲೈಯಲ್ಲಿ ಡೆಸ್ಕ್‌ಟಾಪ್ 400ಕ್ಕೆ 18, ಮೊಬೈಲ್ 2,000ಕ್ಕೆ 24. ಡೆಸ್ಕ್‌ಟಾಪ್ ನಾಲ್ಕರಿಂದ ನಾಲ್ಕೂವರೆಗೆ ಏರಿದೆ, ಮೊಬೈಲ್ ಒಂದರಿಂದ 1.2ಕ್ಕೆ ಏರಿದೆ. ಎರಡೂ ಏರಿ, ಒಟ್ಟು ಬಿದ್ದಿದೆ! ರೀಲ್ಸ್ ನೋಡಿ ಬಂದ ಮೊಬೈಲ್ ಜನ ಜಾಸ್ತಿಯಾಗಿ ಸರಾಸರಿಯನ್ನು ಕೆಳಗೆ ಎಳೆದದ್ದು ಅಷ್ಟೇ. ಆರ್ಡರ್ 22ರಿಂದ 42 ಆದ ತಿಂಗಳಲ್ಲಿ ನಾನು ಕೂತು ಅಳುತ್ತಿದ್ದೆ; ಅದನ್ನು ಮೊದಲು ಕಂಡುಹಿಡಿದದ್ದು ಟೇಪಿನ ಉರುಳೆ.

ಎಲ್ಲಕ್ಕಿಂತ ದುಬಾರಿಯಾಗಿ ಕಲಿತದ್ದು ಮಾತ್ರ ಬೇರೆಯೇ. ಇಷ್ಟು ಹೊತ್ತು ಹೇಳಿದ್ದಕ್ಕೆ ಸ್ವಲ್ಪ ಅಡ್ಡ ಹೋಗುವಂಥದ್ದು. ಸೋಲು ಹೇಗಿದ್ದರೂ ಕೆಲಸಕ್ಕೆ ಬರುತ್ತದೆ ಎಂದೆನಲ್ಲ, ಒಂದು ಸೋಲು ನನ್ನ ಇಡೀ ವರ್ಷ ತಿಂದಿತು.

ನರ್ಸರಿಯವರು ಶುರುವಿನಲ್ಲೇ ಬರೆಸಿದ್ದರು: ಕನ್ನಡದಲ್ಲಿ ಪುಟ ಮಾಡಿ ಕೈ ಸುಟ್ಟುಕೊಂಡೆ, ಓದುವವರೇ ಇಲ್ಲ. ಅವರು ಸುಳ್ಳು ಹೇಳುವ ಜನವಲ್ಲ. ಕಸಿ ಮಾವು, ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ, ಒಂದೊಂದಕ್ಕೂ ರಾತ್ರಿ ಕೂತು ತಾವೇ ಬರೆದ ಹದಿನೆಂಟು ಪುಟ. ಅನಲಿಟಿಕ್ಸಿನಲ್ಲಿ ಸೊನ್ನೆ. ನನಗೂ ಕನ್ನಡದಲ್ಲಿ ಬರೆಯುವ ಆಸೆ ಇತ್ತು. ಇಂಗ್ಲಿಷಿನಲ್ಲಿ ಉಪ್ಪುಸೊಳೆಗೆ ಏನೆಂದು ಬರೆಯುವುದು, ಹೇಳಿ! ಅವರ ಸೋಲು ನೋಡಿ ಸುಮ್ಮನಾದೆ.

ಮರುವರ್ಷ ಜೂನಿನಲ್ಲಿ ಬೇರೆ ಏನೋ ಕೆಲಸಕ್ಕೆ ಅವರ ನರ್ಸರಿಗೆ ಹೋಗಿದ್ದೆ. ಮಳೆ ಅಂದರೆ ಮಳೆ. ಶೀಟಿನ ಮಾಡಿನ ಮೇಲೆ ಬೀಳುವ ಸದ್ದಿಗೆ ಮಾತು ಕೇಳುವುದಿಲ್ಲ, ಕರೆಂಟ್ ಇಲ್ಲ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇಪ್ಪತ್ತು ಪರ್ಸೆಂಟ್. ಹೊತ್ತು ಕಳೆಯಲು ಅವರ ಸರ್ಚ್ ಕನ್ಸೋಲ್ ತೆಗೆದೆ. ಗೂಗಲಿನಲ್ಲಿ ಏನು ಹುಡುಕಿ ಎಷ್ಟು ಮಂದಿ ನಮ್ಮ ಪುಟ ಒತ್ತಿದರು ಎಂಬ ಲೆಕ್ಕ ಅಲ್ಲಿ ಇರುತ್ತದೆ, ಹದಿನಾರು ತಿಂಗಳಿನದ್ದು. ಅದಕ್ಕೆ ನಮ್ಮ ಪುಟದಲ್ಲಿ ಅನಲಿಟಿಕ್ಸ್ ಕೋಡ್ ಇರಬೇಕೆಂದಿಲ್ಲ. ಪಟ್ಟಿಯ ಮೇಲಿಂದ ನಾಲ್ಕರಲ್ಲಿ ಮೂರು ಕನ್ನಡ ಪುಟಗಳು. ಕಾಳುಮೆಣಸಿನ ಪುಟಕ್ಕೆ ದಿನಾ ಜನ ಬರುತ್ತಿದ್ದಾರೆ. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಪೇಜ್ ಸೋರ್ಸ್ ತೆಗೆದೆ, ಆ ಹುಡುಗ ಹಂಪನಕಟ್ಟೆಯಲ್ಲಿ ಕಲಿಸಿದ್ದು ಅದೊಂದೇ ವಿದ್ಯೆ. ಇಂಗ್ಲಿಷ್ ಪುಟದಲ್ಲಿ ಕೋಡ್ ಇದೆ. ಕನ್ನಡ ಪುಟಗಳು ಬೇರೆ ಟೆಂಪ್ಲೇಟಿನಲ್ಲಿ ಮಾಡಿದ್ದು, ಅದರಲ್ಲಿ ಕೋಡೇ ಇಲ್ಲ. ನನ್ನಲ್ಲಿ ಎರಡಿದ್ದು ಗೆದ್ದಂತೆ ಕಂಡಿತ್ತು, ಅವರಲ್ಲಿ ಒಂದೂ ಇಲ್ಲದೆ ಸೋತಂತೆ ಕಂಡಿತ್ತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಫೋನ್ ಮಾಡಿ ‘ನೀವು ಬರೆದದ್ದು ಓದಿದೆ’ ಅನ್ನುತ್ತಿದ್ದವರು ಸುಳ್ಳು ಹೇಳಿದ್ದಲ್ಲ” ಅಂದರು. ಅಷ್ಟು ದಿನ ಅವರು ಗಿರಾಕಿಗಳ ಮಾತನ್ನು ಸೌಜನ್ಯ ಅಂದುಕೊಂಡಿದ್ದರಂತೆ. ಗ್ರಾಫನ್ನು ಸತ್ಯ ಅಂದುಕೊಂಡಿದ್ದರು.

ಅದೇ ವಾರ ನಾನು ಹಲಸಿನ ಹಪ್ಪಳದ ಕನ್ನಡ ಪುಟ ಬರೆದೆ, ಆಮೇಲೆ ಉಪ್ಪುಸೊಳೆಯದ್ದು, ಮಿಡಿ ಉಪ್ಪಿನಕಾಯಿಯದ್ದು. ಈಗ ಸರ್ಚ್ ಕನ್ಸೋಲ್ ತೆರೆದರೆ ತಮಾಷೆ: ಕನ್ನಡ ಅಕ್ಷರದಲ್ಲಿ ಹುಡುಕುವವರು ಒಂದು ಪಾಲು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸುವವರು ಇನ್ನೊಂದು ಪಾಲು, ‘ಹಪ್ಪಳ’ವನ್ನು ಅವರು ಬರೆಯುವ ರೀತಿ ಐದಾರು. ಪುಟದ ಕೆಳಗೆ ಕರಿಯುವ ಎಣ್ಣೆಯ ಕಾವಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಸುಮ್ಮನೆ. ಜನ ಹೆಚ್ಚಾಗಿ ಹುಡುಕಿ ಬರುವುದು ಅದಕ್ಕೆ. ಕೊಳ್ಳುವುದಿಲ್ಲ, ಓದಿ ಹೋಗುತ್ತಾರೆ. ಇರಲಿ.

ಅದಾದ ಮೇಲೆ ಸೋಲಿನ ಪುಸ್ತಕದಲ್ಲಿ ಗೆಳತಿ ಕೆಂಪು ಪೆನ್ನಿನಿಂದ ಇನ್ನೊಂದು ಗೀಟು ಎಳೆದಳು. ಗೆದ್ದದ್ದಿರಲಿ ಸೋತದ್ದಿರಲಿ, ಪಕ್ಕದಲ್ಲಿ ‘ಅಳೆದದ್ದು ಹೇಗೆ’ ಎಂದು ಬರೆಸಬೇಕು, ಯಾರಾದರೊಬ್ಬರು ಪೇಜ್ ಸೋರ್ಸ್ ತೆಗೆದು ನೋಡಿ ಸಹಿ ಹಾಕಬೇಕು. ಹಳೇ ಪುಟಗಳನ್ನು ಮತ್ತೆ ಓದುತ್ತ ಹೋದಾಗ ಕಾಲುಭಾಗ ಹೊಡೆದು ಹಾಕಬೇಕಾಯಿತು.

ಹಸಿರು ಬಟನ್ ಇನ್ನೂ ಇತ್ಯರ್ಥವಾಗಿಲ್ಲ. ಈ ಸಲ ನಾನೂ ಹೋಂಸ್ಟೇಯವರೂ ಒಪ್ಪಂದ ಮಾಡಿಕೊಂಡಿದ್ದೇವೆ: ಇಬ್ಬರ ಸೈಟಿನಲ್ಲೂ ಒಂದು ವಾರ ಬಟನ್ ಇರಬೇಕು, ಒಂದು ವಾರ ಇರಬಾರದು, ಹೀಗೆ ಹನ್ನೆರಡು ವಾರ. ನಡುವೆ ಯಾರೂ ಫಲಿತಾಂಶ ಇಣುಕಿ ನೋಡಬಾರದು. ನಾನು ಎರಡನೇ ವಾರವೇ ಇಣುಕಿದೆ, ಬರೆಸಿದೆ. ನಾಲ್ಕನೇ ವಾರ ಅವರಲ್ಲಿ ಬಟನ್ ತೆಗೆಯಬೇಕಿತ್ತು. ತೆಗೆಯುವ ಹುಡುಗ ಯಕ್ಷಗಾನ ಮೇಳದ ಆಟ ನೋಡಲು ಹೋದವನು ಬೆಳಗ್ಗೆ ಬಂದು ಮಲಗಿದ, ಮರುದಿನವೂ ಆಟ, ಅದರ ಮರುದಿನವೂ. ಐದು ದಿನ ಬಟನ್ ಹಾಗೇ ಇತ್ತು. ಮೊನ್ನೆ ಉಡುಪಿಯಲ್ಲಿ ಸೇರಿದಾಗ ಅದನ್ನೂ ಬರೆಸಿದರು. ಗೆಳತಿ ಪೆನ್ನು ಹಿಡಿದು, “‘ಅಳೆದದ್ದು ಹೇಗೆ’ ಅನ್ನುವಲ್ಲಿ ಎಂತ ಬರೆಯಲಿ?” ಎಂದು ಕೇಳಿದಳು. ಯಾವ ಮೇಳ ಎಂದು ಬರೆದುಕೋ ಅಂದರು ನರ್ಸರಿಯವರು. ವಾರಗಳನ್ನು ಮತ್ತೆ ಒಂದರಿಂದ ಎಣಿಸುತ್ತಿದ್ದೇವೆ.